ಕನ್ನಡಿಯಿಂದ ಮಾಯವಾದವಳು

ಬೆಳಿಗ್ಗೆಯಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಏಳುತ್ತಿದ್ದ ಕಟ್ಟಡವೊಂದರ ಅಂಗಳದಲ್ಲಿ ಲಾರಿಗಳನ್ನು ಹಿಂದಕ್ಕೆ ಕರೆಯುವುದು ಅವಳ ಕೆಲಸ. ಹಸಿರು ಬಾವುಟ ಆಡಿಸಿದರೆ ಬಾ, ಕೆಂಪು ಎತ್ತಿದರೆ ನಿಲ್ಲು. ಎಲ್ಲರ ಬಾಯಲ್ಲೂ ಅವಳು ‘ಬಾವುಟದಕ್ಕ’. ಇಂದು ನಡೆಯುವವರ ದಾರಿಯ ತುಂಬ ಯಾರೋ ಕಬ್ಬಿಣದ ಸರಳು ಸುರಿದು ಹೋಗಿದ್ದರು. ಆಳುಗಳೆಲ್ಲ ಲಾರಿಯ ದಾರಿಗೇ ಇಳಿದಿದ್ದರು.

“ಸರಳು ತೆಗೆಸೋವರೆಗೂ ಲಾರಿ ಹೊರಗೇ ಇರ್ಲಿ ಮೇಸ್ತ್ರಿ.”

“ಅರ್ಧ ಗಂಟೆ ಕಣಮ್ಮ, ತೆಗೆಸ್ತೀನಿ. ಅಷ್ಟರಲ್ಲಿ ಆಕಾಶ ಕಳಚಿ ಬೀಳುತ್ತಾ?” ಎಂದ ಮೇಸ್ತ್ರಿ, ಅವಳ ಕೈಯ ಕೆಂಪು ಬಾವುಟವನ್ನೇ ಕಿತ್ತುಕೊಂಡು, ಚಾಚಿದ್ದ ಸರಳಿನ ತುದಿಗೆ ಕಟ್ಟಿದ. “ಯಾರಾದ್ರೂ ಎಡವಿದ್ರೆ ಕಷ್ಟ. ನಿಂಗೆ ಬೇರೇದು ಈಗ ತರ್ತೀನಿ.”

ಆ ‘ಈಗ’ ಊಟದ ಹೊತ್ತಾದರೂ ಬರಲಿಲ್ಲ. ಅವಳು ಹತ್ತು ಹೆಜ್ಜೆ ಅತ್ತ, ಹತ್ತು ಹೆಜ್ಜೆ ಇತ್ತ ಓಡಾಡಿದಳು. ಚಡಪಡಿಕೆ ಹೆಚ್ಚಾದಾಗಲೆಲ್ಲ ಅವಳ ಮನಸ್ಸು ಅಜ್ಜಿಯ ಕತೆಗೆ ಜಾರುತ್ತಿತ್ತು. ಬೂದಿ ಹಚ್ಚಿಕೊಂಡು ಮಾಯವಾಗುವ ರಾಜಕುಮಾರಿ. ‘ಮಾಯವಾಗಿ ಎಲ್ಲಿಗೆ ಹೋಗ್ತಾಳಜ್ಜಿ?’ ಎಂದರೆ, ‘ಇನ್ನೆಲ್ಲಿಗೆ, ಕಂಬದ ಹಿಂದಕ್ಕೆ!’ ಎಂದು ಅಜ್ಜಿ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಳು.

ಜಲ್ಲಿ ಹೊತ್ತ ಲಾರಿ ಬಂತು. ಚಾಲಕ ಮೀಸೆಮಾವ ಬಾಗಿಲ ಪಕ್ಕದ ಕನ್ನಡಿ ಸರಿಮಾಡಿ ಕಿಟಕಿಯಿಂದ ತಲೆ ಹೊರಹಾಕಿದ.

“ನೆನಪಿದೆಯಲ್ಲ ಮಾವ? ಕನ್ನಡೀಲಿ ನಾನು ಕಾಣದಿದ್ರೆ...”

“...ಆ ಕ್ಷಣ ಬ್ರೇಕು! ದಿನಾ ಇದೇ ಪಾಠ. ಕಟ್ಕೊಂಡ ಹೆಂಡ್ತಿ ಮುಖಾನೂ ಇಷ್ಟು ನೋಡಿಲ್ಲ ತಾಯಿ ನಾನು.”

ಪಕ್ಕದಲ್ಲಿ ಕಲ್ಲೊಡೆಯುವ ಯಂತ್ರ ಕಿವಿ ಹರಿಯುವಂತೆ ಅರಚುತ್ತಿತ್ತು. ಕಂಬವೊಂದರ ಪಕ್ಕ ನಿಂತು ಅವಳು ಹಸಿರು ಆಡಿಸಿದಳು. ಲಾರಿ ಹಿಂದೆ ಸರಿಯತೊಡಗಿತು. ಆಗ ಸರಳಿನ ರಾಶಿಯನ್ನು ಸುತ್ತುಬಳಸಿ ಚಿಕ್ಕಮ್ಮ ಬಂದಳು, ನೇರ ಲಾರಿಯ ಬೆನ್ನ ಹಿಂದೆ. ಅಮ್ಮನಿಲ್ಲದ ಅವಳಿಗೆ ಜಡೆ ಹಾಕಿ ಬೆಳೆಸಿದ ಚಿಕ್ಕಮ್ಮ. ತಲೆಯ ಮೇಲೆ ಮರಳಿನ ಬಾಣಲಿ. ಹೊರೆ ಹೊತ್ತವರ ಕತ್ತು ತಿರುಗುವುದಿಲ್ಲ.

“ಚಿಕ್ಕಮ್ಮಾ!”

ಯಂತ್ರ ಆ ಕೂಗನ್ನು ನುಂಗಿತು, ಅವಳು ಊದಿದ ಸೀಟಿಯನ್ನೂ ನುಂಗಿತು. ಕೆಂಪು ಬಾವುಟ ಸರಳಿನ ತುದಿಯಲ್ಲಿ ಪಟಪಟ ಎನ್ನುತ್ತಿತ್ತು. ಓಡಿಹೋಗಿ ಕೈ ಬೀಸಲೇ? ಬೀಸುವ ಕೈ ಕಂಡರೆ ಮಾವ ‘ಬಾ’ ಎಂದುಕೊಂಡಾನು. ಕಾಲು ಮುಂದಕ್ಕೆ ಹಾರಿತ್ತು. ಅದನ್ನು ಹಿಂದಕ್ಕೆಳೆದುಕೊಂಡು ಅವಳು ಕಂಬದ ಹಿಂದೆ ಸರಿದು ನಿಂತಳು. ಕಣ್ಣು ಮುಚ್ಚಿದಳು. ಜಗತ್ತಿನಲ್ಲಿ ಅವಳೇ ಇಲ್ಲ.

ಬ್ರೇಕು ಕಿರುಚಿತು.

ಕಣ್ಣು ಬಿಟ್ಟಾಗ ಚಕ್ರಕ್ಕೂ ಚಿಕ್ಕಮ್ಮನಿಗೂ ಒಂದು ಮೊಳ ಅಂತರ. ಚಿಕ್ಕಮ್ಮ ಇಡೀ ಮೈಯನ್ನೇ ತಿರುಗಿಸಿ ಗದರಿದಳು: “ಏನೇ, ಕೆಲಸ ಬಿಟ್ಟು ಕಂಬ ತಬ್ಬಿಕೊಂಡು ನಿಂತಿದೀಯಾ?” ಆಮೇಲೆ ಲಾರಿ ಕಂಡಳು. ಬಾಣಲಿ ಕೈಜಾರಿತು.

ಮೀಸೆಮಾವ ಇಳಿದು ಬಂದ. “ಕನ್ನಡೀಲಿ ನೀನಿರ್ಲಿಲ್ಲ ತಾಯಿ,” ಎಂದಷ್ಟೇ ಹೇಳಿದ.

ಅವಳು ಸರಳಿನ ತುದಿಯಿಂದ ಕೆಂಪು ಬಾವುಟ ಬಿಚ್ಚಿಕೊಂಡು ಹೋಗಿ ಗೇಟಿನಲ್ಲಿ ಎತ್ತಿ ಹಿಡಿದಳು. ಹೊರಗೆ ಮೂರು ಲಾರಿಗಳು ಹಾರನ್ ಬಾರಿಸಿದವು. ಮೇಸ್ತ್ರಿ ಓಡಿ ಬಂದ.

“ಕೆಲಸ ನಿಂತ್ರೆ ಯಾರು ಉತ್ತರ ಹೇಳೋದು?”

“ಸರಳು ತೆಗೆಸಿ.”

ಮೀಸೆಮಾವ ಲಾರಿಯ ಕೀಲಿಯನ್ನು ಜೇಬಿಗಿಳಿಸಿದ. ಚಿಕ್ಕಮ್ಮ ಸೆರಗು ಬಿಗಿದು ಮೊದಲ ಸರಳಿನ ಒಂದು ತುದಿ ಎತ್ತಿದಳು, ಮೇಸ್ತ್ರಿಯತ್ತ ನೋಡಿ, “ಆ ಕಡೆ ಹಿಡ್ಕೊಳ್ಳಪ್ಪಾ, ಅರ್ಧ ಗಂಟೆ ತಾನೇ?” ಎಂದಳು.