ಆರು ಗಂಟೆಯ ಸುದ್ದಿಯಲ್ಲಿ ಓರಿನ್

ಓರಿನ್ ಸ್ಟ್ಯಾಂಪರ್‌ನನ್ನು ಶೆರಿಫನ ಪೊಲೀಸರು ಅವನ ಮನೆ ಬಾಗಿಲಿನಿಂದ ಕಾರಿನವರೆಗೆ ಒಂದಲ್ಲ, ಎರಡು ಸಲ ನಡೆಸಿದರು. ಮೊದಲ ಸಲ ನಡೆಸಿದಾಗ ಟೀವಿಯವರ ವ್ಯಾನು ಇನ್ನೂ ಬಂದಿರಲಿಲ್ಲ. ಅವನನ್ನು ಕಾರಿನಲ್ಲಿ ಕೂರಿಸಿ ಬಾಗಿಲು ಹಾಕಿದ ಮೇಲೆ ವ್ಯಾನು ಬಂತು. ಕ್ಯಾಮೆರಾದವನು ಇಳಿದು, ಹಿರಿಯ ಪೊಲೀಸನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದ. ಪೊಲೀಸ ನಕ್ಕ. ಆಮೇಲೆ ಓರಿನ್‌ನನ್ನು ಇಳಿಸಿ, ವಾಪಸು ಮನೆಯೊಳಗೆ ಕರೆದುಕೊಂಡು ಹೋಗಿ, ಬಾಗಿಲು ಮುಚ್ಚಿ, ಮತ್ತೆ ತೆಗೆದು, ಆಗತಾನೇ ಹಿಡಿದವರ ಹಾಗೆ ನಡೆಸಿಕೊಂಡು ಬಂದರು. ಮದುವೆ ಮನೆಯಲ್ಲಿ ಫೋಟೋದವನಿಗಾಗಿ ಹಾರವನ್ನು ಎರಡನೇ ಸಲ ಹಾಕಿಸುತ್ತಾರಲ್ಲ, ಹಾಗೆ.

ಮೊದಲ ಸಲ ಓರಿನ್ ತಲೆಯೆತ್ತಿಕೊಂಡೇ ನಡೆದಿದ್ದ. ಎಲ್ಲೋ ಏನೋ ತಪ್ಪಾಗಿದೆ, ಠಾಣೆಗೆ ಹೋದರೆ ಸರಿಹೋಗುತ್ತದೆ ಎಂದುಕೊಂಡಿದ್ದ. ಎದುರು ಮನೆಯವನಿಗೆ ಹುಬ್ಬಿನಲ್ಲೇ ನಮಸ್ಕಾರ ಕೂಡ ಹೇಳಿದ್ದ. ಎರಡನೇ ಸಲ ಬರುವಷ್ಟರಲ್ಲಿ ಅವನ ಹೆಂಡತಿ ಡಾರ್ಲಾ ತನ್ನ ಕೂದಲು ಕತ್ತರಿಸುವ ಅಂಗಡಿಯಿಂದ ಏಪ್ರನ್ ಕೂಡ ಬಿಚ್ಚದೆ ಓಡಿಬಂದಿದ್ದಳು. ಅಂಗಳದ ಹುಲ್ಲಿನ ಮೇಲೆ ನಿಂತು "ಓರಿನ್!" ಎಂದು ಕೂಗಿದಳು. ಕೈಕೋಳ ಹಾಕಿಸಿಕೊಂಡು ಅವಳ ಮುಖ ನೋಡಲು ಅವನಿಂದ ಆಗಲಿಲ್ಲ. ತಲೆ ತಗ್ಗಿಸಿದ. ಕ್ಯಾಮೆರಾಕ್ಕೆ ಬೇಕಾಗಿದ್ದೂ ಅದೇ.

ಅದು ಅಕ್ಟೋಬರ್ ತಿಂಗಳು. ನವೆಂಬರಿನಲ್ಲಿ ಶೆರಿಫನ ಚುನಾವಣೆಯಿತ್ತು; ಅಲ್ಲಿ ಪೊಲೀಸರ ಮುಖ್ಯಸ್ಥನನ್ನೂ ಜನ ಓಟು ಹಾಕಿಯೇ ಆರಿಸುತ್ತಾರೆ. ಈ ಊರಿನ ಶೆರಿಫ್ ನಾಲ್ಕು ವರ್ಷ ಕುರ್ಚಿ ಬಿಸಿ ಮಾಡಿದ್ದು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನನ್ನೂ ಮಾಡಿರಲಿಲ್ಲ. ಓರಿನ್ ಕೆಲಸ ಮಾಡುತ್ತಿದ್ದ ವೃದ್ಧಾಶ್ರಮದಲ್ಲಿ ನೋವಿನ ಮಾತ್ರೆಗಳ ಒಂದು ಪೆಟ್ಟಿಗೆ ಕಾಣೆಯಾಗಿದೆ ಎಂಬ ದೂರು ಬಂದಾಗ ಆತನಿಗೆ ಹಬ್ಬವಾಯಿತು. ಇಂಥ ನೋವಿನ ಮಾತ್ರೆಯ ಚಟ ಹತ್ತಿ ಸತ್ತವರು ಊರಿನ ಪ್ರತಿ ಬೀದಿಯಲ್ಲೂ ಇದ್ದರು. ಆ ಪೆಟ್ಟಿಗೆ ಬರಬೇಕಾಗಿದ್ದ ದಿನ ಕೆಲಸದಲ್ಲಿದ್ದವನು ಓರಿನ್. ಅಷ್ಟು ಸಾಕಾಯಿತು. ಎರಡೇ ದಿನದಲ್ಲಿ ಶೆರಿಫನ ಚುನಾವಣಾ ಜಾಹೀರಾತಿನಲ್ಲಿ ಓರಿನ್ ನಡೆದುಕೊಂಡು ಬಂದ. "ನಿಮ್ಮ ಅಜ್ಜಿಯ ಮಾತ್ರೆ ಕದಿಯುವವರನ್ನು ನಾನು ಬಿಡುವುದಿಲ್ಲ" ಎಂದು ಹಿಂದಿನಿಂದ ದಪ್ಪ ದನಿಯೊಂದು ಹೇಳಿತು. ಫುಟ್‌ಬಾಲ್ ಪಂದ್ಯದ ನಡುನಡುವೆ, ಅಡುಗೆ ಕಾರ್ಯಕ್ರಮದ ನಡುನಡುವೆ, ಓರಿನ್ ತಲೆ ತಗ್ಗಿಸಿಕೊಂಡು ಮನೆಯಿಂದ ಕಾರಿಗೆ ನಡೆಯುತ್ತಲೇ ಇದ್ದ.

ಆ ವರ್ಷ ಊರು ಎರಡು ಹೋಳಾಗಿತ್ತು. ಒಬ್ಬರ ಅಂಗಳದಲ್ಲಿ ಒಂದು ಪಕ್ಷದ ಫಲಕ, ಪಕ್ಕದವರ ಅಂಗಳದಲ್ಲಿ ಅದಕ್ಕಿಂತ ದೊಡ್ಡದಾಗಿ ಇನ್ನೊಂದು ಪಕ್ಷದ್ದು. ಅಣ್ಣತಮ್ಮಂದಿರು ಒಂದೇ ಚರ್ಚಿನಲ್ಲಿ ಎರಡು ಮೂಲೆಯಲ್ಲಿ ಕೂರುತ್ತಿದ್ದರು. ಒಬ್ಬರು ನೋಡುವ ಚಾನೆಲ್ಲನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಇಂಥ ಊರಿನಲ್ಲಿ ಎರಡು ಕಡೆಯವರೂ ಒಮ್ಮತದಿಂದ ನಂಬಿದ್ದು ಒಂದನ್ನೇ: ಓರಿನ್ ಸ್ಟ್ಯಾಂಪರ್ ಕಳ್ಳ.

ಡಾರ್ಲಾಳ ಅಂಗಡಿಗೆ ಬರುವ ಹೆಂಗಸರು ಕಡಿಮೆಯಾದರು. ಬಂದವರು ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದರು. ಹಿಂದೆಲ್ಲ ಗಂಡನ ಗೊರಕೆಯಿಂದ ಹಿಡಿದು ಪಾದ್ರಿಯ ಸಾಲದವರೆಗೆ ಹೇಳಿಕೊಳ್ಳುತ್ತಿದ್ದವರು ಈಗ ಕನ್ನಡಿಯಲ್ಲಿ ಅವಳ ಕಣ್ಣು ತಪ್ಪಿಸಿ ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ಅವಳಿಗೆ ಕತ್ತರಿಯನ್ನು ಗೋಡೆಗೆ ಎಸೆಯಬೇಕೆನಿಸುತ್ತಿತ್ತು. ಎಸೆಯಲಿಲ್ಲ, ಕತ್ತರಿಸಿದಳು.

ಶೆರಿಫ್ ಗೆದ್ದ. ಡಿಸೆಂಬರಿನಲ್ಲಿ ಮಾತ್ರೆಯ ಪೆಟ್ಟಿಗೆಯೂ ಸಿಕ್ಕಿತು. ಔಷಧ ಕಳಿಸುವವರು ಅದನ್ನು ಪಕ್ಕದ ಊರಿನ ಇನ್ನೊಂದು ಆಶ್ರಮಕ್ಕೆ ಹಾಕಿಬಂದಿದ್ದರು. ಅಲ್ಲಿಯ ಕಪಾಟಿನ ಹಿಂದುಗಡೆ ಮೇಲಿನ ಸೀಲು ಕೂಡ ಒಡೆಯದೆ ಕೂತಿತ್ತು. ಸರ್ಕಾರಿ ವಕೀಲ ಒಂದು ಶುಕ್ರವಾರ ಸಂಜೆ, ಎಲ್ಲರೂ ಮನೆಗೆ ಹೋದ ಮೇಲೆ, ಮೊಕದ್ದಮೆ ಕೈಬಿಟ್ಟು ಕೈ ತೊಳೆದುಕೊಂಡ. ಯಾರೂ ಕ್ಷಮೆ ಕೇಳಲಿಲ್ಲ. ಯಾವ ವ್ಯಾನೂ ಬರಲಿಲ್ಲ.

ಸೋಮವಾರ ಗಂಡಹೆಂಡತಿ ಇಬ್ಬರೂ ಕೆಲಸ ವಾಪಸು ಕೇಳಲು ವೃದ್ಧಾಶ್ರಮಕ್ಕೆ ಹೋದರು. ಅದನ್ನು ನಡೆಸುವ ಜಾಸ್ಲಿನ್ ಮೇಡಂ ಕೆಟ್ಟವಳೇನಲ್ಲ. ಓರಿನ್‌ನ ಎರಡೂ ಕೈ ಹಿಡಿದುಕೊಂಡಳು.

"ನಂಗೆ ನಿನ್ನ ಮೇಲೆ ಯಾವತ್ತೂ ಅನುಮಾನ ಇರಲಿಲ್ಲ ಕಣಪ್ಪ. ನಿನ್ನಷ್ಟು ಚೆನ್ನಾಗಿ ಸ್ನಾನ ಮಾಡ್ಸೋರು ನನ್ನ ಹತ್ರ ಇನ್ನೊಬ್ರಿಲ್ಲ. ಆದ್ರೆ ಇಲ್ಲಿರೋರ ಮಕ್ಕಳಿದಾರಲ್ಲ, ಅವ್ನು ಮತ್ತೆ ಬರಲ್ಲ ತಾನೇ ಅಂತ ದಿನಾ ಫೋನ್ ಮಾಡಿ ಕೇಳ್ತಾರೆ."

"ಕೋರ್ಟಲ್ಲೇ ಕೇಸು ಬಿಟ್ರಲ್ಲ ಮೇಡಂ, ಇವ್ನು ಏನೂ ಮಾಡಿಲ್ಲ ಅಂತ" ಎಂದಳು ಡಾರ್ಲಾ.

"ಕೋರ್ಟನ್ನ ಯಾರು ನೋಡ್ತಾರೆ ಡಾರ್ಲಾ? ಅವ್ರು ನೋಡಿದ್ದು ಟೀವೀಲಿ. ಟೀವಿಯೋರೇ ಒಂದ್ಸಲ ಹೇಳ್ಬಿಡ್ಲಿ, ಮಾರನೇ ದಿನಾನೇ ಇವನ್ನ ಕರ್ಕೋತೀನಿ. ನನ್ನ ಮಾತು."

ಹಿಂದಿರುಗುವಾಗ ಕಾರಿನಲ್ಲಿ ಓರಿನ್ ಹೇಳಿದ: "ಬಿಟ್ಬಿಡೇ. ಜನ ಮರೆಯೋಕೆ ಶುರು ಮಾಡಿದಾರೆ. ನಿನ್ನೆ ಪೆಟ್ರೋಲ್ ಹಾಕೋನು ನನ್ನ ಹತ್ರ ಮಾತಾಡಿದ."

"ಏನಂತ?"

"ಚಳಿ ಅಂತ."

"ಅದನ್ನೇ ಮಾತು ಅಂದ್ಕೊಂಡು ಬಂದ್ಯಾ! ನಾವೇನು ಕದ್ದಿದೀವಾ, ಮರೀಲಿ ಅಂತ ಕಾಯೋಕೆ? ಅವರೇ ಹೇಳಿದ್ದು, ಅವರೇ ಇಲ್ಲ ಅನ್ನಲಿ."

ಜಾಮೀನಿನ ಮೇಲೆ ಜೈಲಿನಿಂದ ಬಂದಮೇಲೆ ಓರಿನ್ ಆ ದೃಶ್ಯವನ್ನು ಒಮ್ಮೆಯೂ ನೋಡಿರಲಿಲ್ಲ. ಜಾಹೀರಾತು ಬಂದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದ. ಡಾರ್ಲಾ ಮಾತ್ರ ಪ್ರತಿ ಸಲವೂ ನೋಡಿದ್ದಳು, ಹಲ್ಲು ಕಚ್ಚಿಕೊಂಡು.

ಅಂದಿನಿಂದ ಅವಳು ಟೀವಿ ಸ್ಟೇಷನ್ನಿಗೆ ಫೋನ್ ಮಾಡುವುದೇ ಕಾಯಕ ಮಾಡಿಕೊಂಡಳು. ಎತ್ತುತ್ತಿದ್ದವಳು ಶಾನಾ ಎಂಬ ಹುಡುಗಿ. ಒಳ್ಳೆಯ ಹುಡುಗಿ, ಹೆಸರು ಕೇಳಿದ ಕೂಡಲೇ ನಿಟ್ಟುಸಿರು ಬಿಡುತ್ತಿದ್ದಳು, ಆದರೆ ಫೋನ್ ಮಾತ್ರ ಇಡುತ್ತಿರಲಿಲ್ಲ.

"ಆಂಟಿ, ನಮ್ಮ ಸಾರ್ ಏನಂತಾರೆ ಅಂದ್ರೆ, ಕೇಸು ಹಾಕಿದ್ರೆ ಸುದ್ದಿ. ಕೇಸು ಬಿದ್ದೋದ್ರೆ ಏನ್ ತೋರ್ಸೋದು? ಖಾಲಿ ಕುರ್ಚೀನಾ?"

"ನನ್ನ ಗಂಡನ್ನ ತೋರ್ಸಿ. ಮನೇಲೇ ಇದಾನೆ. ಎಲ್ಲೂ ಓಡಿಹೋಗಿಲ್ಲ."

"ಹೇಳ್ತೀನಿ ಆಂಟಿ. ನೀವು ನಾಳೆ ಮಾಡಿ."

ಡಾರ್ಲಾ ನಾಳೆಯೂ ಮಾಡಿದಳು, ನಾಡಿದ್ದೂ ಮಾಡಿದಳು. ಕ್ರಿಸ್‌ಮಸ್ ಕಳೆಯಿತು. ಒಮ್ಮೆ ಒಬ್ಬ ಗಿರಾಕಿಯ ಅರ್ಧ ತಲೆಗೆ ಬಣ್ಣ ಹಚ್ಚಿ, ಅವಳನ್ನು ಹಾಗೇ ಕೂರಿಸಿ, ಹಿಂದಿನ ಕೋಣೆಗೆ ಹೋಗಿ ಫೋನ್ ಮಾಡಿದಳು. ಕೊನೆಗೆ ಜನವರಿಯಲ್ಲಿ ಬ್ರೈಸ್ ಎಂಬ ಹೊಸ ವರದಿಗಾರ ಕ್ಯಾಮೆರಾ ಹೊತ್ತುಕೊಂಡು ಮನೆಗೆ ಬಂದ. ಇನ್ನೂ ಮೀಸೆ ಸರಿಯಾಗಿ ಮೂಡದ, ಎಲ್ಲದಕ್ಕೂ ಮರುಗುವ ಮನುಷ್ಯ. ಡಾರ್ಲಾ ಗಂಡನ ಕೂದಲನ್ನು ತಾನೇ ಕತ್ತರಿಸಿ, ನೀಲಿ ಸ್ವೆಟರ್ ಹಾಕಿಸಿ, ಸೋಫಾದ ಮೇಲೆ ಕಿಟಕಿಯ ಬೆಳಕಿಗೆ ಕೂರಿಸಿದ್ದಳು. ಓರಿನ್ ಮೊದಲು ತಡವರಿಸಿದ. ಆಮೇಲೆ, ಅಜ್ಜ ಅಜ್ಜಿಯರ ವಿಷಯ ಬಂದಾಗ, ಸರಾಗವಾಗಿ ಮಾತಾಡಿದ. ಯಾರಿಗೆ ಗಂಜಿಯಂಥ ಓಟ್ಸ್ ಇಷ್ಟ, ಯಾರು ಕಾಲು ಒತ್ತಿದರೆ ಮಾತ್ರ ಮಲಗುತ್ತಾರೆ ಎಂದೆಲ್ಲ ಹೇಳಿ ನಕ್ಕ. ಅವನು ನಕ್ಕಿದ್ದನ್ನು ಡಾರ್ಲಾ ಮೂರು ತಿಂಗಳಲ್ಲಿ ಮೊದಲ ಸಲ ಕಂಡಳು. ಬ್ರೈಸ್ ಕಣ್ಣೊರೆಸಿಕೊಂಡ.

"ಗುರುವಾರ ಆರು ಗಂಟೆ ಸುದ್ದೀಲಿ ಬರುತ್ತೆ. ನೋಡ್ತಿರಿ, ಊರೇ ತಿರುಗಿ ನೋಡ್ಬೇಕು" ಎಂದು ಹೋದ.

ಜಾಸ್ಲಿನ್ ಮೇಡಂ ಎಲ್ಲರ ಮಕ್ಕಳಿಗೂ ಗುರುವಾರದ ಸುದ್ದಿ ನೋಡಿ ಎಂದು ಹೇಳಿಕಳಿಸಿದಳು. ಓರಿನ್ ಮತ್ತು ಡಾರ್ಲಾರನ್ನು ಆಶ್ರಮಕ್ಕೇ ಕರೆಸಿಕೊಂಡಳು. ಹಜಾರದಲ್ಲಿ ಅಜ್ಜ ಅಜ್ಜಿಯರ ಗಾಲಿಕುರ್ಚಿಗಳನ್ನು ಟೀವಿಯ ಮುಂದೆ ಸಾಲಾಗಿ ನಿಲ್ಲಿಸಿದ್ದರು. ಯಾರೋ ಕೇಕ್ ಕೂಡ ತಂದಿದ್ದರು. ಓರಿನ್ ಒಳಗೆ ಕಾಲಿಟ್ಟ ಕೂಡಲೇ ಅಗಸ್ಟಾಜ್ಜಿ ಕೈ ಚಾಚಿದಳು. ಅವಳಿಗೆ ತೊಂಬತ್ತು ದಾಟಿತ್ತು. ನೆನಪು ಎಂಬುದು ಯಾವಾಗಲೋ ಕೈಕೊಟ್ಟಿತ್ತು. ಬಂಧನ, ಜಾಹೀರಾತು, ಚುನಾವಣೆ ಒಂದೂ ಅವಳ ತಲೆಯಲ್ಲಿ ನಿಂತಿರಲಿಲ್ಲ. ಇಡೀ ಊರಿನಲ್ಲಿ ಓರಿನ್ ಕಳ್ಳನಲ್ಲದೆ ಉಳಿದಿದ್ದು ಅವಳೊಬ್ಬಳ ಪಾಲಿಗೆ.

"ಎಲ್ಲೋ ಹೋಗಿದ್ದೆ ಕಂದಾ? ಬೆಳಿಗ್ಗೆಯಿಂದ ಕಾಯ್ತಿದೀನಿ."

"ಇಲ್ಲೇ ಇದ್ದೆ ಅಜ್ಜಿ, ಸ್ವಲ್ಪ ತಡವಾಯ್ತು" ಎಂದು ಓರಿನ್ ಅವಳ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡ. ಡಾರ್ಲಾಳಿಗೆ ಇಷ್ಟು ದಿನ ಹಟ ಹಿಡಿದದ್ದು ಸಾರ್ಥಕವಾಯಿತು ಎನಿಸಿತು.

ಅಂದು ಮಧ್ಯಾಹ್ನದಿಂದ ಹಿಮ ಬೀಳುತ್ತಿತ್ತು. ಸುದ್ದಿಯೂ ಹಿಮದಿಂದಲೇ ಶುರುವಾಯಿತು. ಜಾರಿದ ಲಾರಿಗಳು, ಮುಚ್ಚಿದ ಶಾಲೆಗಳು, ಉಪ್ಪು ಚೆಲ್ಲುವ ಗಾಡಿಗಳು, ಹಿಮದಲ್ಲಿ ನಿಂತು ಹಿಮ ಬೀಳುತ್ತಿದೆ ಎಂದು ಹೇಳುವ ವರದಿಗಾರರು. ಅದು ಮುಗಿಯುವ ಹಾಗೆಯೇ ಕಾಣಲಿಲ್ಲ. ಕಡೆಗೆ ಸುದ್ದಿ ಓದುವವಳು ಮುಖ ಗಂಭೀರ ಮಾಡಿಕೊಂಡು, "ವೃದ್ಧಾಶ್ರಮದ ಮಾತ್ರೆ ಕಳ್ಳತನ ಪ್ರಕರಣಕ್ಕೆ ಹೊಸ ತಿರುವು" ಎಂದಳು.

ಪರದೆಯ ಮೇಲೆ ನೀಲಿ ಸ್ವೆಟರ್ ಬರಲಿಲ್ಲ. ಸೋಫಾ ಬರಲಿಲ್ಲ. ಮನೆಯ ಬಾಗಿಲು ತೆರೆಯಿತು, ಎರಡು ಕಡೆ ಇಬ್ಬರು ಪೊಲೀಸರು, ನಡುವೆ ಕೈಕೋಳದ ಓರಿನ್, ತಲೆ ತಗ್ಗಿಸಿಕೊಂಡು. ಹಿಮದ ಸುದ್ದಿಗೆ ಹೊತ್ತು ಹಿಡಿದಿತ್ತು. ಸೋಫಾದ ಮಾತೆಲ್ಲ ಕತ್ತರಿಗೆ ಹೋಗಿತ್ತು. ಸುದ್ದಿ ಓದುವವಳ ಮಾತಿನ ಹಿಂದೆ ಓಡಿಸಲು ಚಿತ್ರ ಬೇಕು, ಸೋಫಾದಲ್ಲಿ ಕೂತು ಬರೀ ಬಾಯಾಡಿಸುವ ಮುಖ ಅದಕ್ಕೆ ಆಗದು, ಸ್ಟೇಷನ್ನಿನ ಕಪಾಟಿನಲ್ಲಿ ಓರಿನ್ ನಡೆದಾಡುವ ಚಿತ್ರವೆಂದು ಇದ್ದದ್ದು ಅದೊಂದೇ. ಹಳೆಯ ದೃಶ್ಯ ಎಂದು ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಹಾಕಿದ್ದರು. ಮೊಕದ್ದಮೆ ಕೈಬಿಡಲಾಗಿದೆ ಎಂದು ಸುದ್ದಿಯವಳು ಹೇಳಿದ್ದು ನಿಜ, ಸ್ಪಷ್ಟವಾಗಿಯೇ ಹೇಳಿದಳು. ಅವಳು ಹೇಳುತ್ತಿದ್ದಷ್ಟು ಹೊತ್ತೂ ಓರಿನ್ ನಡೆಯುತ್ತಿದ್ದ. ನಡಿಗೆ ಸಾಲದಾದಾಗ ಮತ್ತೆ ಮೊದಲಿನಿಂದ ನಡೆಸಿದರು. ಆಮೇಲೆ ಹವಾಮಾನ ಬಂತು.

ಅಗಸ್ಟಾಜ್ಜಿ ಪರದೆ ನೋಡಿದಳು, ಪಕ್ಕದಲ್ಲಿದ್ದವನ ಮುಖ ನೋಡಿದಳು, ಮತ್ತೆ ಪರದೆ ನೋಡಿದಳು. ಅವನ ಕೈಯಿಂದ ತನ್ನ ಕೈಯನ್ನು ಮೆಲ್ಲಗೆ ಎಳೆದುಕೊಂಡು ಕಂಬಳಿಯೊಳಗೆ ಇಟ್ಟುಕೊಂಡಳು. ಡಾರ್ಲಾಳ ಕಡೆ ಬಾಗಿ ಪಿಸುಗುಟ್ಟಿದಳು:

"ಇವನನ್ನ ಯಾರಮ್ಮ ಒಳಗೆ ಬಿಟ್ಟಿದ್ದು? ಪೊಲೀಸರಿಗೆ ಹೇಳು."

ಆಫೀಸಿನಲ್ಲಿ ಫೋನ್ ರಿಂಗಾಯಿತು. ಜಾಸ್ಲಿನ್ ಮೇಡಂ ಹೋಗಿ ಎತ್ತಿಕೊಂಡಳು. "ಇಲ್ಲಮ್ಮ, ಮತ್ತೆ ಹಿಡಿದಿಲ್ಲ... ಅದು ಹಳೇದು... ಇಲ್ಲ, ಬಿಟ್ಬಿಟ್ರು ಅಂತ ಹೇಳಿದ್ದು, ಸರಿಯಾಗಿ ಕೇಳಿ..." ಇಟ್ಟ ಕೂಡಲೇ ಮತ್ತೆ ರಿಂಗಾಯಿತು. ಮೂರನೆಯ ಫೋನಿಗೆ ಅವಳ ದನಿ ಇಳಿದುಹೋಗಿತ್ತು. ಹೊರಗೆ ಬಂದವಳು ಓರಿನ್‌ನ ಮುಖ ನೋಡದೆ ಕೇಕಿನ ಕಡೆ ನೋಡುತ್ತ ನಿಂತಳು.

"ಸ್ವಲ್ಪ ದಿನ ಆರಲಿ ಓರಿನ್. ಬೇಸಿಗೆ ಹೊತ್ತಿಗೆ ನೋಡೋಣ."

"ನೀವು ಮಾತು ಕೊಟ್ಟಿದ್ರಿ!" ಡಾರ್ಲಾ ಕಿರುಚಿದಳು. "ಟೀವೀಲಿ ಬಂದ್ರೆ ನಾಳೇನೇ ಅಂದಿದ್ರಿ! ಬಂತಲ್ಲ, ಹೇಳಿದ್ರಲ್ಲ, ಏನೂ ಮಾಡಿಲ್ಲ ಅಂತ!"

"ಸುಮ್ನಿರೇ" ಎಂದ ಓರಿನ್. ಅವನ ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಡಾರ್ಲಾ ತಡೆದುಕೊಳ್ಳುತ್ತಿದ್ದಳು. ಅವನಿನ್ನೂ ಟೀವಿಯ ಕಡೆಗೇ ನೋಡುತ್ತಿದ್ದ, ಅಲ್ಲಿ ಕಾರಿನ ಜಾಹೀರಾತು ಓಡುತ್ತಿದ್ದರೂ. "ನಾನಿದನ್ನ ನೋಡೇ ಇರಲಿಲ್ಲ. ಫೋನ್ ಮಾಡೋರದ್ದೇನೂ ತಪ್ಪಿಲ್ಲ ಮೇಡಂ. ಆ ಮನುಷ್ಯನ್ನ ನಾನಾದ್ರೂ ಅಷ್ಟೇ, ನಮ್ಮಮ್ಮನ ಕೋಣೆಗೆ ಬಿಡ್ತಿರಲಿಲ್ಲ."

ಕೋಟು ಹಾಕಿಕೊಂಡು ಅವನು ಕಾರಿನ ಮೇಲಿನ ಹಿಮ ತೆಗೆಯಲು ಹೋದ. ಡಾರ್ಲಾ ಬಾಗಿಲ ಬಳಿ ನಿಂತಳು. ಜನ ಮರೆಯುತ್ತಿದ್ದಾರೆ, ಬಿಟ್ಟುಬಿಡು ಎಂದು ಅವನು ಹೇಳಿದ್ದ. ಮರೆಯುತ್ತಿದ್ದವರನ್ನೆಲ್ಲ ಕೂಗಿ ಕರೆದು, ಟೀವಿಯ ಮುಂದೆ ಕೂರಿಸಿ ತೋರಿಸಿದವಳು ತಾನೇ. ಫೋನಿಗೆ ಬ್ರೈಸ್‌ನ ಸಂದೇಶ ಬಂದಿತ್ತು: ಸಾರಿ, ಹಿಮ ಜಾಸ್ತಿಯಾಯ್ತು, ಮಾತು ತೆಗೆಯಬೇಕಾಯ್ತು, ಆದರೂ ಸುದ್ದಿ ಬಂತಲ್ಲ ಎಂದು. ಆಗ ಅವಳಿಗೆ ಹೊಳೆಯಿತು, ಆರು ಗಂಟೆಯ ಸುದ್ದಿ ಹನ್ನೊಂದಕ್ಕೆ ಮತ್ತೆ ಬರುತ್ತದೆ.

ಸ್ಟೇಷನ್ನಿಗೆ ಫೋನ್ ಮಾಡಿದಳು. ಶಾನಾ ಎತ್ತಿದಳು. ಇವತ್ತು ನಿಟ್ಟುಸಿರಿರಲಿಲ್ಲ.

"ಆಂಟಿ! ನೋಡಿದ್ರಾ? ಕೊನೆಗೂ ಹಾಕಿಸ್ಬಿಟ್ವಿ!"

"ಶಾನಾ, ತಾಯಿ, ಹನ್ನೊಂದು ಗಂಟೆಗೆ ಹಾಕ್ಬೇಡ್ರಮ್ಮ. ಕೈ ಮುಗೀತೀನಿ. ತೆಗ್ಸು ಅದನ್ನ."



"ಅಯ್ಯೋ ಆಂಟಿ, ಹಾಕಿ ಹಾಕಿ ಅಂತ ಎಷ್ಟು ದಿನ ಗೋಗರೆದ್ರಿ. ಸಾರ್ ಹತ್ರ ಜಗಳ ಮಾಡಿ, ನಾಳೆ ಬೆಳಿಗ್ಗೆ ಸುದ್ದಿಗೂ ಸೇರಿಸಿದೀನಿ ನಾನು, ನಿಮಗೋಸ್ಕರ."