ಗೋಡೆಗೆ ಬಣ್ಣ ಹೊಡೆಸಿದ ಪುಟ್ಟತಾಯಮ್ಮ

ಮನೆಗೆ ಯಾರಾದರೂ ಬರುತ್ತಾರೆಂದು ಗೊತ್ತಾದರೆ ಸಾಕು, ಬಂದವರಿಗೆ ಆ ಮನೆಯ ಗುರುತೇ ಹತ್ತದಂತೆ ಮಾಡಿಬಿಡುವುದು ಪುಟ್ಟತಾಯಮ್ಮನವರ ಸ್ವಭಾವ. ಬೀಗರು ಬರುತ್ತಾರೆಂದರೆ ಕಿಟಕಿಗೆ ಹೊಸ ಪರದೆ, ತಮ್ಮ ಬರುತ್ತಾನೆಂದರೆ ದಿಂಬಿಗೆ ಹೊಸ ಗವಸು, ಗ್ಯಾಸ್ ಸಿಲಿಂಡರಿನವನು ಬರುತ್ತಾನೆಂದರೂ ಹೊಸ್ತಿಲಿಗೆ ಇನ್ನೊಂದು ಸಲ ನೀರು. ಒಂಟಿಕೊಪ್ಪಲಿನ ನಮ್ಮ ಬೀದಿಯಲ್ಲಿ ಅವರು ನಡೆದು ಬರುವುದೇ ಒಂದು ನೋಟ: ಸೆರಗನ್ನು ಸೊಂಟಕ್ಕೆ ಬಿಗಿದು, ಎಡಗೈ ಬೀಸುತ್ತ, ಬಲಗೈಯನ್ನು ಮಾತ್ರ ಅಲುಗಿಸದೆ, ಅದರಲ್ಲಿ ಹಾಲು ತುಂಬಿದ ಚೊಂಬು ಇದೆಯೇನೋ ಅನ್ನುವ ಹಾಗೆ. ಯಾರು ಎಂಥ ದೊಡ್ಡ ವಿಷಯ ತೆಗೆದರೂ ಕೊನೆಯವರೆಗೆ ಕೇಳಿಸಿಕೊಂಡು, "ಅದಿರ್ಲಿ, ಊಟ ಆಯ್ತಾ?" ಅನ್ನುವರು.

ಆ ಒಂದು ಮಾತೇ ಅವರನ್ನು ಸಿನಿಮಾಕ್ಕೆ ಸೇರಿಸಿತು. ಏಳು ವರ್ಷದ ಹಿಂದೆ ವಸಂತ್ ಎಂಬ ನಿರ್ದೇಶಕರು, ರಜೆಗೆಂದು ಅಜ್ಜಿ ಮನೆಗೆ ಬಂದ ಅಣ್ಣ-ತಂಗಿಯ ಕಥೆಯನ್ನು ಅವರ ಮನೆಯಲ್ಲೇ ಚಿತ್ರೀಕರಿಸಿದರು. ಪುಟ್ಟತಾಯಮ್ಮನವರನ್ನೂ ಮನೆಯ ದೊಡ್ಡಮ್ಮನೆಂದು ಒಂದು ದೃಶ್ಯದಲ್ಲಿ ನಿಲ್ಲಿಸಿ ಆ ಮಾತು ಆಡಿಸಿದರು. ಅಣ್ಣ-ತಂಗಿಯಾಗಿ ನಟಿಸಿದ ಲಿಖಿತ್, ಸಿಂಚನ ಇಬ್ಬರೂ ಇಪ್ಪತ್ತೆರಡು ದಿನ ಇವರ ಕೈತುತ್ತು ತಿಂದು, 'ಪುಟ್ಟಜ್ಜಿ' ಎಂದು ಕರೆದು, ಹೊರಡುವಾಗ ಸೆರಗು ಹಿಡಿದು ಅತ್ತರು. ಸಿನಿಮಾ ಊರೂರಲ್ಲಿ ಓಡಿತು. ತೊಡೆ ಮೇಲಿನ ಕೂಸಿನಿಂದ ಕೋಲು ಹಿಡಿದ ತಾತನವರೆಗೆ ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡಿದರು. ಅಂದಿನಿಂದ ಪುಟ್ಟತಾಯಮ್ಮನವರದು ಒಂದೇ ಹಂಬಲ: ಎರಡನೇ ಭಾಗ ಆಗಬೇಕು, ಆ ಎರಡು ಮಕ್ಕಳು ಇನ್ನೊಂದು ಸಲ ತನ್ನ ಹಜಾರದಲ್ಲಿ ಉಣ್ಣಬೇಕು.

ಎರಡನೇ ಭಾಗಕ್ಕೆಂದು ತಾವೂ ಆ ಮಕ್ಕಳೂ ಸೋಮವಾರ ಬರುತ್ತೇವೆಂದು ವಸಂತ್ ಫೋನ್ ಮಾಡಿದ್ದು ಬುಧವಾರ. ಗುರುವಾರ ಬೆಳಿಗ್ಗೆಯೇ ಪೇಂಟರ್ ಸಿದ್ದರಾಜು ಏಣಿ ಹೊತ್ತು ಬಂದ.

"ಅವರನ್ನ ಒಂದು ಮಾತು ಕೇಳಬೇಕಿತ್ತಲ್ಲಮ್ಮ," ಅಂದ ಮಗ ದಿಲೀಪ.

"ನೆಂಟರನ್ನ ಕೇಳ್ಕಂಡು ಮನೆ ಸಾರಿಸ್ತಾರೇನೋ, ಪೆದ್ದ! ಎರಡನೇ ಸಿನಿಮಾ ಅಂದ್ರೆ ಎರಡನೇ ಸಲ ಬಂದ ನೆಂಟರಿದ್ದಂಗೆ. ಮೊದಲ ಸಲಕ್ಕಿಂತ ಒಂದು ಪಲ್ಯ ಹೆಚ್ಚಾಗೇ ಮಾಡ್ಬೇಕು."

ಸೋಮವಾರ ವಸಂತ್ ಚಪ್ಪಲಿ ಬಿಟ್ಟು ಒಳಗೆ ಬಂದವರು ಅಲ್ಲೇ ನಿಂತುಬಿಟ್ಟರು. ಬಾಗಿಲಲ್ಲಿ ಗುಂಪುಕಟ್ಟಿದ್ದ ನಾವು ನಾಲ್ಕಾರು ಹೆಂಗಸರು, ಮನೆಯ ಚೆಂದಕ್ಕೆ ಬೆರಗಾದರು ಅಂದುಕೊಂಡೆವು. ಆದರೆ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಅಡುಗೆಮನೆ ಬಾಗಿಲ ಪಕ್ಕದ ಗೋಡೆ ಪಿಸ್ತಾ ಹಸಿರಿನಲ್ಲಿ ಥಳಥಳ ಹೊಳೆಯುತ್ತಿತ್ತು.

"ಅಮ್ಮಾ... ಗೀಟುಗಳು?"

ಪುಟ್ಟತಾಯಮ್ಮನವರ ಕೈ ಬಾಯಿಗೆ ಹೋಯಿತು. ಪ್ರತಿ ಯುಗಾದಿಗೆ ಎಣ್ಣೆನೀರು ಆದಮೇಲೆ ಮಕ್ಕಳನ್ನು ಆ ಗೋಡೆಗೆ ಒರಗಿಸಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಬಡಗಿ ಪೆನ್ಸಿಲಿನಲ್ಲಿ ಗೀಟು ಎಳೆದು, ಹೆಸರು, ಇಸವಿ ಬರೆಯುತ್ತಿದ್ದವರು ಅವರ ಯಜಮಾನರು ಗುರುಸಿದ್ದಯ್ಯ. ಅವರು ಹೋಗಿ ಹದಿಮೂರು ವರ್ಷ. ಆ ಗೀಟುಗಳ ನಡುವೆ ಲಿಖಿತ್, ಸಿಂಚನರ ಗೀಟೂ ಬಿದ್ದಲ್ಲಿಗೆ ಮೊದಲ ಸಿನಿಮಾ ಮುಗಿದಿತ್ತು. ಅದೇ ಗೋಡೆಗೆ ಬೆಳೆದ ಮಕ್ಕಳು ಮತ್ತೆ ಒರಗಿ ನಿಲ್ಲುವಲ್ಲಿಂದ ಎರಡನೆಯದು ಶುರುವಾಗಬೇಕಿತ್ತು. ಬರುವ ನೆಂಟರ ಸಡಗರದಲ್ಲಿ ಗಂಡನ ಕೈಬರಹವನ್ನೇ ತಾನು ಅಳಿಸಿಹಾಕಿದ್ದು ಆಕೆಗೆ ಹೊಳೆದದ್ದು ಆ ಗಳಿಗೆಯಲ್ಲಿ.

"ಕೆರೆದರೆ ಸಿಗಲ್ವೇನಪ್ಪ?"

"ಉಪ್ಪುಕಾಗದ ಹಾಕಿ ಉಜ್ಜಿಬುಟ್ಟೆ ಕಣವ್ವ," ಅಂದ ಸಿದ್ದರಾಜು, ತಲೆ ತಗ್ಗಿಸಿ. "ಕೆಳಗೇನೂ ಉಳಿದಿಲ್ಲ."

ವಸಂತ್ ಮೆಟ್ಟಿಲ ಮೇಲೆ ಕುಸಿದು ಕೂತರು. "ಜನ ಹೊಸ ಮನೆ ನೋಡೋಕೆ ಬರಲ್ಲಮ್ಮ. ತಮಗೆ ಗೊತ್ತಿರೋ ಮನೆ ಹೆಂಗಿದೆ ಅಂತ ವಿಚಾರಿಸೋಕೆ ಬರ್ತಾರೆ." ಆಮೇಲೆ ಫೋನ್ ತೆಗೆದು, ವಿಜಯನಗರದಲ್ಲಿ ನೋಡಿಟ್ಟಿದ್ದ ಇನ್ನೊಂದು ಮನೆಯವರ ಜೊತೆ ಮಾತಾಡತೊಡಗಿದರು.

ಪುಟ್ಟತಾಯಮ್ಮ ಅಳಲಿಲ್ಲ. ದಿಲೀಪನ ಜೇಬಿನಿಂದ ಪೆನ್ಸಿಲ್ ಕಿತ್ತುಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತರು. ಅಕ್ಷರ ಅಷ್ಟಾಗಿ ಬಾರದ ಆಕೆ ಮಕ್ಕಳ ಬೆಳವಣಿಗೆಯನ್ನೆಲ್ಲ ತಮ್ಮ ಮೈಯಲ್ಲೇ ಗುರುತಿಟ್ಟುಕೊಂಡಿದ್ದರೆಂಬುದು ನಮಗೆ ಗೊತ್ತಾದದ್ದೇ ಆವತ್ತು. "ದಿಲೀಪ ಮೂರನೇ ವರ್ಷದ ಯುಗಾದಿಗೆ ನನ್ನ ಸೊಂಟಕ್ಕೆ." ಒಂದು ಗೀಟು. "ಮಗಳು ಪಂಕಜಾ ಆರನೇ ಕ್ಲಾಸಲ್ಲಿ ಕಿವಿಯೋಲೆಗೆ." ಇನ್ನೊಂದು. "ಸಿಂಚನ ರವಿಕೆ ತೋಳಿನ ಅಂಚಿಗೆ, ಲಿಖಿತ ಭುಜಕ್ಕೆ." ಪ್ರತಿ ಸಲವೂ ಬೆರಳನ್ನು ಮೈಯಿಂದ ಗೋಡೆಗೆ ಜಾರಿಸಿ, ಅಲ್ಲಾಡಿಸದೆ ಹಿಡಿದು, ತಿರುಗಿ ಗೀಚುತ್ತಿದ್ದರು. ವಸಂತ್ ಮಾತು ನಿಲ್ಲಿಸಿ ಎದ್ದು ಬಂದರು.

ಅಷ್ಟರಲ್ಲಿ ಲಿಖಿತ್, ಸಿಂಚನರ ಕಾರು ಬಂತು. ಈಗ ಪುಟ್ಟತಾಯಮ್ಮನವರಿಗಿಂತ ಎತ್ತರವಾಗಿದ್ದ ಸಿಂಚನ, ನಡೆದದ್ದನ್ನು ಕೇಳಿಕೊಂಡು, ಮೊಬೈಲಿನಲ್ಲಿ ಹಳೆಯ ಸಿನಿಮಾದ ಕೊನೆಯ ದೃಶ್ಯ ತೆಗೆದು ಗೋಡೆಯ ಪಕ್ಕ ಹಿಡಿದಳು. ಅದರಲ್ಲಿ ಅವಳ ಗೀಟು ಸ್ವಿಚ್ ಬೋರ್ಡಿನ ಕೆಳಗಿನ ಅಂಚಿಗೆ ತಾಗಿತ್ತು. ಈಗಿನದು ಎರಡು ಬೆರಳು ಕೆಳಗಿತ್ತು. ಲಿಖಿತನದೂ ಎರಡು ಬೆರಳು ಕೆಳಗೆ.

"ಮರೆತಿರ್ಬೇಕು," ಅಂದರು ವಸಂತ್.

"ನಾನಾ? ಮರೆಯೋದಾ?" ಪುಟ್ಟತಾಯಮ್ಮ ಸಿಡುಕಿದರು. "ತೋಳಿನ ಅಂಚಿಗೇ ಇದ್ದಳು ಕಣ್ರೀ!"

ಲಿಖಿತ್ ಒಮ್ಮೆ ಗೋಡೆ ನೋಡಿದ, ಒಮ್ಮೆ ಅವರನ್ನು ನೋಡಿದ. "ನೀವು ಹೇಳಿದ ಗುರುತು ಸರಿಯಾಗೇ ಇದೆ. ಪುಟ್ಟಜ್ಜಿ, ನೀವೇ ಕುಳ್ಳಾಗ್ಬುಟ್ಟಿದೀರ!"

ಪುಟ್ಟತಾಯಮ್ಮ ತಮ್ಮ ಪಾದವನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದರು, ಯಾರೋ ತಮ್ಮ ಮೈಯಿಂದ ಹೇಳದೆ ಕೇಳದೆ ಎರಡು ಬೆರಳಷ್ಟು ಕದ್ದುಕೊಂಡು ಹೋದಂತೆ. ಎಪ್ಪತ್ತೊಂದು ವರ್ಷದ ಬದುಕಿನಲ್ಲಿ ಆಕೆಯನ್ನು ಯಾರೂ ಗೋಡೆಗೆ ಒರಗಿಸಿ ನಿಲ್ಲಿಸಿ ಅಳೆದಿರಲಿಲ್ಲ.

"ಇದನ್ನೇ ತೆಗೀತೀನಿ," ಅಂದರು ವಸಂತ್. "ಹಸಿರು ಗೋಡೆ, ತಪ್ಪು ಗೀಟು, ಎಲ್ಲಾನೂ. ಅಮ್ಮ ಒಪ್ಪಿದರೆ."

"ನಾನು ಕುಗ್ಗಿದ್ದು ತೋರಿಸಿ ಊರನ್ನ ನಗಿಸ್ತೀಯೇನಪ್ಪ?"

"ಮಕ್ಕಳು ನಗ್ತಾರಮ್ಮ. ದೊಡ್ಡವರು ನಗಲ್ಲ."

ಆಕೆ ಪೆನ್ಸಿಲನ್ನು ಸಿಂಚನಳ ಕೈಗಿಟ್ಟು, ಹಿಮ್ಮಡಿಯನ್ನು ಗೋಡೆಗೆ ಒತ್ತಿ, ಗದ್ದ ಎತ್ತಿ ನಿಂತರು. "ಹಾಕವ್ವ. ಮೋಸ ಮಾಡಿ ಮೇಲೆ ಹಾಕ್ಬೇಡ."

ಸಿನಿಮಾ ಬಂದಾಗ ನಮ್ಮ ಬೀದಿಯ ಹೆಂಗಸರೆಲ್ಲ ಒಟ್ಟಿಗೆ ಹೋದೆವು. ಆ ದೃಶ್ಯಕ್ಕೆ ಮಕ್ಕಳು ಬಿದ್ದು ಬಿದ್ದು ನಕ್ಕರು. ಅದೇ ಕ್ಷಣ ಸಾಲುಸಾಲಿನಲ್ಲಿ ಕೂತಿದ್ದ ಮುದುಕ ಮುದುಕಿಯರು, ಒಬ್ಬರಿಗೊಬ್ಬರು ಹೇಳಿಕೊಟ್ಟವರಂತೆ, ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು.

ಇಂಥ ಹೆಂಗಸರು ಒಂದೊಂದು ಬೀದಿಗೆ ಒಬ್ಬರಾದರೂ ಇರುತ್ತಾರೆ. ಯಾರ ಮಗು ಎಷ್ಟು ಬೆಳೆಯಿತು, ಯಾರ ಲಂಗ ಎಷ್ಟು ಮೋಟಾಯಿತು ಎಂಬುದೆಲ್ಲ ಅವರಿಗೆ ಬೆರಳಳತೆಯಲ್ಲಿ ಗೊತ್ತು. ಅಳತೆಗೋಲು ತಾನೇ ಸವೆಯುತ್ತಿದೆ ಎಂಬುದೊಂದು ಮಾತ್ರ ಅವರ ಲಕ್ಷ್ಯಕ್ಕೆ ಬರುವುದಿಲ್ಲ. ಅದನ್ನು ಅವರಿಗೆ ಹೇಳುವ ಹಕ್ಕು, ಒಂದು ಕಾಲದಲ್ಲಿ ಅವರ ತೋಳಿನ ಅಂಚಿನ ಕೆಳಗೆ ನಿಂತು ತುತ್ತಿಗೆ ಬಾಯಿ ತೆರೆದವರಿಗೆ ಮಾತ್ರ ಇರುತ್ತದೆ.