ಹತ್ತಕ್ಕ ಎಂಟು

ನಮ್ಮ ಕಡಿ ಮಂದಿಗೆ ಹೊಗಳಾಕ ಬರಂಗಿಲ್ಲ. ಬೈಯಾಕ ಹೇಳ್ತಿಲ್ಲ, ನಾನೂ ಅದಽ ಮಂದಿ. ನಮ್ಮತ್ತಿ ಇಪ್ಪತ್ತೆರಡು ವರ್ಷದಾಗ ನನ್ನ ರೊಟ್ಟಿಗೆ ‘ಅಡ್ಡಿಯಿಲ್ಲ’ ಅಂದಿದ್ದು ಒಂದಽ ಸಲ. ಅವತ್ತು ನಾನು ಅಡಿಗಿಮನ್ಯಾಗ ನಿಂತು ಕಣ್ಣು ಒರಸ್ಕೊಂಡಿದ್ದೆ. ಅಡ್ಡಿಯಿಲ್ಲ ಅಂದ್ರ ಇಲ್ಲಿ ದೊಡ್ಡ ಮಾತು. ಆದ್ರ ಇದನ್ನ ಕಂಪನಿಯವರಿಗೆ ಯಾರು ಹೇಳ್ಬೇಕು?

ನಾನು ಸುಕನ್ಯಾ. ಹರಪನಹಳ್ಳಿಯಾಗ ಅರುಣಕುಮಾರ್ ಸಾಹೇಬ್ರ ಬೈಕ್ ಶೋರೂಮಿನಾಗ ಸರ್ವಿಸ್ ಕೌಂಟರ್ ನಂದು. ಗಾಡಿ ಬಂದ್ರ ಏನು ತೊಂದ್ರಿ ಅಂತ ಕೇಳಿ ಕಾರ್ಡ್ ಬರೀತೀನಿ, ಯಾವ ಮೆಕ್ಯಾನಿಕ್ ಅಂತ ಹೆಸರು ಹಾಕ್ತೀನಿ, ಸಂಜಿಗೆ ನಕ್ಕೋತ ಕೀಲಿ ಕೊಡ್ತೀನಿ. ಐದು ಮಂದಿ ಮೆಕ್ಯಾನಿಕ್‌ಗಳು ನನ್ನ ಕೈಕೆಳಗ. ಮೇಡಂ ಅಂತಾರ. ಆ ಮಾತಿಗೆ ನಾನು ಎಷ್ಟು ಯೋಗ್ಯಳು ಅನ್ನೋದನ್ನ ಈಗ ಹೇಳ್ತೀನಿ.

ಹೋದ ವರ್ಷ ಗಾಡಿ ಕಂಪನಿಯವರು ಒಂದು ಹೊಸ ಪದ್ಧತಿ ತಂದ್ರು. ಗಾಡಿ ಒಯ್ದ ಮೂರನೇ ದಿನ ಗಿರಾಕಿಗೆ ಅವರ ಕಡಿಯಿಂದ ಫೋನ್ ಬರ್ತೈತಿ. ಸರ್ವಿಸಿಗೆ ಹತ್ತಕ್ಕ ಎಷ್ಟು ಕೊಡ್ತೀರಿ ಅಂತ ಕೇಳ್ತಾರ. ಒಂಬತ್ತು, ಹತ್ತು ಬಂದ್ರ ಪಾಸು. ಎಂಟು ಬಂದ್ರೂ ಫೇಲು. ಮೂರು ತಿಂಗಳಾಗ ಒಬ್ಬ ಮೆಕ್ಯಾನಿಕ್ ಹೆಸರಿಗೆ ಮೂರು ಫೇಲ್ ಬಿದ್ರ ಅವ ಮನಿಗೆ. ಹೊಸಪೇಟಿಯಿಂದ ದಾವಣಗೆರಿತನ ಆ ಕಂಪನಿಯ ಯಾವ ಶೋರೂಮಿನಾಗೂ ಮತ್ತ ಕೆಲಸ ಕೊಡಂಗಿಲ್ಲ. ಎಂಥ ಲೆಕ್ಕ ನೋಡ್ರಿ ಇದು. ಹತ್ತು ದೇವರಿಗೆ, ಒಂಬತ್ತು ಗುರುವಿಗೆ ಅಂತ ಎತ್ತಿಟ್ಟು ಕೂಡೋ ಮಂದಿ ನಾವು. ನಮ್ಮನ್ನ ಹಿಡಕೊಂಡು ಹತ್ತು ಕೊಡು ಅಂದ್ರ ಹೆಂಗ?

ಹುಲುಗಪ್ಪಣ್ಣ ನಮ್ಮಲ್ಲಿ ಎಲ್ಲಾರಿಗಿಂತ ಹಳೇ ಮೆಕ್ಯಾನಿಕ್. ಐವತ್ನಾಲ್ಕು ವರ್ಷ. ಸ್ಕ್ರೂಡ್ರೈವರಿನ ಹಿಡಿ ಕಿವಿಗಿ ಹಚ್ಚಿ, ತುದಿ ಇಂಜಿನ್ನಿಗೆ ಇಟ್ಟು, ಕಣ್ಣು ಮುಚ್ಚಿ ಕೇಳ್ತಾನ. ಎಲ್ಲಿ ಕೆಟ್ಟೈತಿ ಅಂತ ಅವಗ ಗೊತ್ತಾಗ್ತೈತಿ. ಅವನ ಹೆಂಡ್ತಿ ಗಿಡ್ಡಮ್ಮಗ ಕಿಡ್ನಿ ತ್ರಾಸು, ಔಷಧ ಬರೋದು ಈ ನೌಕರಿಯ ಇಎಸ್‌ಐ ಕಾರ್ಡಿನ ಮ್ಯಾಲ. ಈ ಕೆಲಸ ಹೋತು ಅಂದ್ರ ಅದೂ ಹೋತು.

ಇನ್ನ ನನ್ನ ಪಾಪದ ಮಾತು. ಸಾಹೇಬ್ರ ಬಾಮೈದ ಗಂಗಾಧರ ಅಂತ ಒಬ್ಬವ ಅದಾನ, ಅವನೂ ಮೆಕ್ಯಾನಿಕ್. ಹೆಸರಿಗೆ. ಒಂದು ಗಾಡಿಯ ಬ್ರೇಕ್ ಸಡ್ಲ ಬಿಟ್ಟ. ಇನ್ನೊಂದಕ್ಕ ಆಯಿಲ್ ಬೋಲ್ಟ್ ಬಿಗೀಲಿಲ್ಲ, ಕೊಟ್ಟೂರು ದಾರಿಯಾಗ ಅಷ್ಟೂ ಆಯಿಲ್ ಸೋರಿಹೋತು. ಆ ಎರಡೂ ಕಾರ್ಡಿಗೆ ನಾನು ಹುಲುಗಪ್ಪಣ್ಣನ ಹೆಸರು ಹಾಕಿದೆ. ಗಂಗಾಧರನ ಹೆಸರು ಹಾಕಿದ್ರ ಸಾಹೇಬ್ರ ಮನ್ಯಾಗ ಜಗಳ, ಆ ಜಗಳ ಮಾರನೇ ದಿನ ನನ್ನ ಕೌಂಟರಿಗೆ. ನನ್ನ ಮಗಳು ಅಮೃತಾ ದಾವಣಗೆರ್ಯಾಗ ನರ್ಸಿಂಗ್ ಓದಾಕತ್ಯಾಳ. ನಂಗ ಜಗಳ ಬ್ಯಾಡಾಗಿತ್ತು.

ಕದ್ದು ಬರೀಲಿಲ್ಲ, ಅದು ಇನ್ನೂ ಕೆಟ್ಟದ್ದು. ಕೇಳಿಯೇ ಬರೆದೆ. “ಹುಲುಗಪ್ಪಣ್ಣ, ನಿನ್ನ ಹೆಸರು ಹಾಕ್ಲಾ?” ಅಂದೆ. ಅವ ಕೈಯಾಗಿನ ಗ್ರೀಸ್ ಒರಸ್ಕೋತ, “ಹಾಕ್ರಿ ಮೇಡಂ, ಹೆಸರೇನು ಸವಿತೈತಾ?” ಅಂದ.

ಎರಡೂ ಫೇಲಾದವು. ಅವನ ಹೆಸರಿಗೆ ಇನ್ನೊಂದಽ ಉಳಿದಿತ್ತು.

ಆ ಒಂದು ಬಂದಿದ್ದು ಉಜ್ಜಿನಿ ಬೆನಕಪ್ಪ ಮಾಸ್ತರಿಂದ. ಅವರ ಗಾಡಿಯಾಗ ಏನೋ ಕಟಕಟ ಸಪ್ಪಳ, ಮೂರು ಗ್ಯಾರೇಜ್ ತಿರುಗಿ ನಮ್ಮಲ್ಲಿಗೆ ಬಂದಿದ್ರು. ಹುಲುಗಪ್ಪಣ್ಣ ಅರ್ಧ ತಾಸಿನಾಗ ಹಿಡಿದ. ಮಾಸ್ತರು ಅವನ ಬೆನ್ನು ತಟ್ಟಿ ಹೋಗಿದ್ರು. ನಾನು ನಿಶ್ಚಿಂತಿಯಿಂದ ಇದ್ದೆ. ಮಂಗಳವಾರ ಕಂಪ್ಯೂಟರ್ ತೆಗೆದ್ರ ಹತ್ತಕ್ಕ ಎಂಟು, ಹುಲುಗಪ್ಪನ ಹೆಸರಿನ ಮುಂದ ಕೆಂಪು ಗೆರಿ.

ಸಾಹೇಬ್ರ ಹತ್ರ ಓಡಿದೆ. ಸಾಹೇಬ್ರು ಕೆಟ್ಟವರಲ್ಲ, ಹೆದ್ರುಪುಕ್ಲ ಅಷ್ಟ. “ಎರಡು ದಿನದಾಗ ಅಪೀಲ್ ಹಾಕಬೋದು. ಗಿರಾಕಿಗೆ ಇನ್ನೊಮ್ಮೆ ಫೋನ್ ಮಾಡಿ ಕೇಳ್ತಾರ. ಆದ್ರ ನಾವು ಗಿರಾಕಿ ಹತ್ರ ಹೋಗಂಗಿಲ್ಲ ಸುಕನ್ಯಾ, ಒತ್ತಡ ಹಾಕಿದ್ರು ಅಂತ ಆಗ್ತೈತಿ” ಅಂದ್ರು.

ಆಗಲೇ ಹೇಳ್ಬೋದಿತ್ತು, ಮೊದಲಿನ ಎರಡು ಕಾರ್ಡ್ ಸುಳ್ಳು ಅಂತ. ನಾಲಿಗಿ ತುದಿಗೆ ಬಂದಿತ್ತು. ಗಂಗಾಧರ ಅಲ್ಲೇ ಕುಂತು ಚಾ ಕುಡೀತಿದ್ದ. ಅಪೀಲ್ ಹಾಕ್ರಿ ಅಂತಷ್ಟೇ ಹೇಳಿ ಹೊರಗ ಬಂದೆ.

ಮರುದಿನ ಮೈಯಾಗ ಆರಾಮಿಲ್ಲ ಅಂತ ರಜಾ ಹಾಕಿ, ಕೊಟ್ಟೂರಾಗ ಬಸ್ ಬದಲಿಸಿ ಉಜ್ಜಿನಿಗೆ ಹೋದೆ. ಮಾಸ್ತರು ಮನಿ ಮುಂದಿನ ಕಟ್ಟಿ ಮ್ಯಾಲ ಪೇಪರ್ ಓದ್ಕೋತ ಕುಂತಿದ್ರು. ನನ್ನ ನೋಡಿದ್ದೇ ಒಳಗ ಕೂಗಿ ಮಜ್ಜಿಗಿ ತರಿಸಿದ್ರು. ಗಾಡಿ ಭಾಳ ಚಲೋ ಓಡಾಕತ್ತೈತಿ ಅಂದ್ರು.

“ಮತ್ತ ಎಂಟ್ ಯಾಕ ಕೊಟ್ರಿ ಸರ್?” ಅಂದೆ. ನನ್ನ ದನಿ ನನಗಽ ಒರಟು ಕೇಳಿಸ್ತು.

“ಎಂಟು ಕೊಟ್ಟೀನಲ್ಲವಾ, ಏನು ಕಡಿಮಿ ಆತು?” ಅಂದ್ರು. “ಮೂವತ್ತಾರು ವರ್ಷ ಪಾಠ ಹೇಳೀನಿ. ಹತ್ತಕ್ಕ ಎಂಟರ ಮ್ಯಾಲ ಒಬ್ಬರಿಗೂ ಹಾಕಿಲ್ಲ. ನನ್ನ ಕಡಿಂದ ಎಂಟು ತಗೊಂಡವರು ಡಾಕ್ಟರಾಗ್ಯಾರ.”

ಎಂಟು ಅಂದ್ರ ಫೇಲು ಅಂತ ನಾನು ಹೇಳಿದೆ. ಹುಲುಗಪ್ಪಣ್ಣನ ಕೆಲಸದ ಮಾತು ಹೇಳಿದೆ, ಗಿಡ್ಡಮ್ಮನ ಔಷಧದ ಮಾತು ಹೇಳಿದೆ. ಅಳಬೇಕು ಅಂತ ಹೋಗಿರ್ಲಿಲ್ಲ. ಆದ್ರ ಆ ಮನಿಷ್ಯಾನ ಮುಖ ಸಣ್ಣದಾಗಿದ್ದು ನೋಡಿ ತಡೀಲಿಲ್ಲ, ಮಜ್ಜಿಗಿ ಲೋಟ ಕೈಯಾಗ ಹಿಡಕೊಂಡಽ ಅತ್ತೆ. ಎರಡು ಕಾರ್ಡಿನ ಮಾತು ಮಾತ್ರ ಅಲ್ಲೂ ಹೇಳ್ಲಿಲ್ಲ. ಅಳುವಾಗಲೂ ನಾನು ಅಷ್ಟು ಹುಷಾರ್ ಇದ್ದೆ, ಥೂ ನನ್ನ.

ಮಾಸ್ತರು ಪೇಪರ್ ಮಡಚಿ ಬದಿಗಿಟ್ರು. ಆಮ್ಯಾಲ, “ಫೋನ್ ಬರಲಿ ತಂಗಿ, ಹತ್ತು ಕೊಡ್ತೀನಿ” ಅಂದ್ರು. ನಾನು ಅವರ ಕಾಲಿಗೆ ಬಿದ್ದೆ.

ನಾನು ಬಂದಿದ್ದು ಯಾರಿಗೂ ಹೇಳಬ್ಯಾಡ್ರಿ ಅಂತ ಒಂದು ಮಾತು ಹೇಳ್ಬೇಕಿತ್ತು. ಹೇಳಾಕ ನಾಚಿಕಿ ಆತು. ಅಂಥವರಿಗೆ ಸುಳ್ಳು ಹೇಳ್ರಿ ಅನ್ನೋದು ಹೆಂಗ?

ಶುಕ್ರವಾರ ಮಧ್ಯಾಹ್ನ ಸಾಹೇಬ್ರು ನನ್ನ, ಹುಲುಗಪ್ಪಣ್ಣನ್ನ, ಗಂಗಾಧರನ್ನ ಒಳಗ ಕರೆದ್ರು. ಕಂಪನಿಯವರು ಮಾಸ್ತರ ಫೋನಿನ ಮಾತು ರೆಕಾರ್ಡ್ ಮಾಡಿ ಕಳಿಸಿದ್ರು. ಸಾಹೇಬ್ರು ಅದನ್ನ ಹಚ್ಚಿದ್ರು.

ಮೊದಲು ಎಂಟು ಅಂದಿದ್ರಿ, ಈಗ ಹತ್ತು ಅಂತೀರಿ, ಕಾರಣ ಏನು ಅಂತ ಒಬ್ಬಾಕಿ ಕೇಳಿದ್ಲು. ಮಾಸ್ತರು ತರಗತಿಯಾಗ ನಿಂತಂಗ ಒಂದೊಂದಽ ಮಾತು ಬಿಡಿಸಿ ಹೇಳಿದ್ರು. “ಆ ಅಂಗಡಿ ಮಂದಿ ನಮ್ಮೂರಿಗೆ ಬಂದು, ಒಬ್ಬ ಕೆಲಸಗಾರನ ಸಲುವಾಗಿ ನಮ್ಮ ಮನಿ ಮುಂದ ಕಣ್ಣೀರು ಹಾಕ್ಯಾರ. ಒಬ್ಬರ ಸಲುವಾಗಿ ಒಬ್ಬರು ಅಷ್ಟು ಅಳೋ ಜಾಗಕ್ಕ ಹತ್ತು ಕೊಡದಽ ಇನ್ಯಾರಿಗೆ ಕೊಡ್ಲಿ? ನನ್ನ ಜೀವನದಾಗ ಇದಽ ಮೊದಲನೇ ಹತ್ತು, ಬರಕೋರಿ.”

ರೆಕಾರ್ಡ್ ನಿಂತಿತು. ಸಾಹೇಬ್ರು ಹಣಿ ಒರಸ್ಕೊಂಡ್ರು. “ಹತ್ತೂ ಹೋತು, ಎಂಟೂ ಹೋತು. ಸೊನ್ನಿ ಹಾಕ್ಯಾರ. ಉಜ್ಜಿನಿಗೆ ಯಾರು ಹೋಗಿದ್ರು ಅಂತ ಇವತ್ತಽ ಒಂದು ಹೆಸರು ಬರೆದು ಕಳಿಸ್ಬೇಕು. ಅವರನ್ನೂ ತೆಗೀತಾರ.”

ನಾನು ಬಾಯಿ ತೆರೆದೆ. ತೆರೆದಿದ್ದಂತೂ ಖರೆ.

“ನಾನಽ ಹೋಗಿದ್ದೆ ಸಾಹೇಬ್ರ” ಅಂದ ಹುಲುಗಪ್ಪಣ್ಣ. “ಹೆಂಗೂ ನಂದು ಮೂರಾದವು. ಇನ್ನೊಂದು ಹೆಸರು ಯಾಕ ಕೆಡಸ್ತೀರಿ, ನಂದಽ ಬರೀರಿ.”

ಬುಧವಾರ ಅವ ದಿನವಿಡೀ ಷೆಡ್ಡಿನಾಗ ಕೆಲಸ ಮಾಡ್ಯಾನ ಅಂತ ಅಲ್ಲಿದ್ದ ಎಲ್ಲಾರಿಗೂ ಗೊತ್ತು. ರಜಾ ಹಾಕಿದ್ದು ಯಾರು ಅಂತಾನೂ ಗೊತ್ತು. ಗಂಗಾಧರ ಗ್ವಾಡಿ ನೋಡ್ದ. ಸಾಹೇಬ್ರು ನನ್ನ ನೋಡಿದ್ರು, ನಾನು ಹೇಳ್ತೀನೇನೋ ಅಂತ ಸ್ವಲ್ಪ ಹೊತ್ತು ಕಾದ್ರು. ನಂಗ ಅಮೃತಾ ನೆನಪಾದ್ಲು. ಅದು ನೆಪ ಅಂತ ನಂಗ ಗೊತ್ತು. ಬಾಯಿ ಮುಚ್ಚಿದೆ.

“ಸುಕನ್ಯಾ, ಬರೆದು ಕಳಿಸು” ಅಂದ್ರು ಸಾಹೇಬ್ರು.

ಹೆಸರು ಹಾಕೋದು ನನ್ನ ಕೆಲಸ ಅಲ್ಲೇನ್ರಿ. ಹುಲುಗಪ್ಪ ಅಂತ ಮೂರನೇ ಸಲ ಸುಳ್ಳು ಹಾಕಿದೆ.

ಸಂಜಿಗೆ ಅವ ತನ್ನ ನೀಲಿ ಅಂಗಿ ಮಡಚಿ ಕೌಂಟರ್ ಮ್ಯಾಲ ಇಟ್ಟ. ನಾನು “ಹುಲುಗಪ್ಪಣ್ಣ” ಅಂದೆ. “ಇರ್ಲಿ ಬಿಡ್ರಿ ಮೇಡಂ. ನನ್ನ ಸಲುವಾಗಿ ಉಜ್ಜಿನಿತನ ಹೋಗಿದ್ರಿ” ಅಂದ. ಬೈದಿದ್ರ ನಾನು ಬದುಕ್ತಿದ್ದೆ.

ಶನಿವಾರ ಹನ್ನೊಂದು ಗಂಟಿಗೆ ಬೆನಕಪ್ಪ ಮಾಸ್ತರು ಬಂದ್ರು. ಬಿಳೇ ಅಂಗಿಗೆ ಇಸ್ತ್ರಿ ಮಾಡಿಸ್ಕೊಂಡಿದ್ರು. ಕೈಯಾಗ ಶೇಂಗಾ ಹೋಳಿಗಿಯ ಡಬ್ಬಿ.

“ಹತ್ತು ಕೊಟ್ಟೆ ತಂಗಿ” ಅಂದ್ರು, ಪರೀಕ್ಷಾ ಬರೆದು ಬಂದ ಹುಡುಗರಂಗ ನಕ್ಕೋತ. “ನಿಮ್ಮ ಬಗ್ಗೆನೂ ಎರಡು ಮಾತು ಹೇಳೀನಿ. ಹುಲುಗಪ್ಪ ಎಲ್ಲಿ ಅದಾನ? ಅವನ ಕೈಯಾಗಽ ಇದನ್ನ ಕೊಡ್ಬೇಕು.”

ಖರೆ ಹೇಳ್ಬೇಕು ಅಂತ ಎದ್ದು ನಿಂತೆ. ನಿಮ್ಮ ಮಾತಿನಿಂದಽ ಅವನ ಕೆಲಸ ಹೋತು ಅಂತ ಈ ಮನಿಷ್ಯಾಗ ಹೆಂಗ ಹೇಳ್ಲಿ? ನಿಮ್ಮ ಮಾತಿನಿಂದ ಅಲ್ಲ, ನನ್ನಿಂದ ಅಂತ ಹೇಳ್ಬೇಕಾದ್ರ ಮೊದಲಿಂದ ಹೇಳ್ಬೇಕು.

“ಊಟಕ್ಕ ಹೋಗ್ಯಾನ್ರಿ ಸರ್” ಅಂದೆ.

“ಇಷ್ಟು ಲಗೂನಾ? ಹೋಗ್ಲಿ ಬಿಡು, ಬರೋತನ ಕುಂತಿರ್ತೀನಿ” ಅಂದು, ಗಿರಾಕಿಗಳ ಬೆಂಚಿನ ಮ್ಯಾಲ ಡಬ್ಬಿ ತೊಡಿಮ್ಯಾಲ ಇಟ್ಕೊಂಡು ಕುಂತ್ರು.

ಒಂದು ಗಂಟಿ ಆತು, ಎರಡಾತು. ಗೇಟಿನಾಗ ಯಾರು ಬಂದ್ರೂ ಅವರು ಕತ್ತು ಎತ್ತಿ ನೋಡ್ತಿದ್ರು. ನಾನೂ ನೋಡ್ತಿದ್ದೆ.